ನಕಲಿ ಗುಳ್ಳ ಹುಡುಕಿದ ದೊಡ್ಡಪ್ಪ

ಹೋಟೆಲಿನವರು ಅಸಲಿ ಮಾಲು ಕೊಟ್ಟರೆಂದು ಜಗಳಕ್ಕೆ ನಿಂತ ಗಿರಾಕಿಯನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಹಾಲಿಗೆ ನೀರು ಬೆರೆಸಿಲ್ಲ, ತುಪ್ಪಕ್ಕೆ ಡಾಲ್ಡಾ ಸೇರಿಸಿಲ್ಲ, ಇದೆಂಥ ಅನ್ಯಾಯ ಎಂದು ಮೇಜು ಕುಟ್ಟಿದವರನ್ನು? ನೋಡಿರಲಾರಿರಿ. ನಾನು ನೋಡಿದ್ದೇನೆ. ನೋಡಿದ್ದೇನೆ ಏನು, ಅವರ ಮನೆಯಲ್ಲಿಯೇ ಏಳು ವರ್ಷ ಉಂಡಿದ್ದೇನೆ. ಅವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಕಾರ್ಕಳದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದ ಮೇಲೆ ಕಾಪುವಿನಲ್ಲಿ ಮನೆ ಮಾಡಿಕೊಂಡಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅವರ ತಮ್ಮನ ಮಗಳಾದ ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಅವರ ಮನೆಯಿಂದಲೇ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೂವತ್ತು ವರ್ಷ ವಕೀಲರ ವಾದ ಕೇಳಿ ಕೇಳಿ ದೊಡ್ಡಪ್ಪನ ತಲೆ ಹೇಗಾಗಿತ್ತೆಂದರೆ, ಇವತ್ತು ಸೆಕೆ ಜಾಸ್ತಿ ಎಂದರೂ "ಯಾವತ್ತಿಗಿಂತ?" ಎಂದು ಕೇಳುತ್ತಿದ್ದರು. ಅವರ ಬಾಯಿಯಿಂದ 'ಹೌದು' ಎಂಬ ಒಂದು ಮಾತು ಹೊರಡಿಸಲು ಇಬ್ಬರು ಸಾಕ್ಷಿಗಳು ಬೇಕಾಗುತ್ತಿದ್ದರು.

ನಾನು ಬರುವುದಕ್ಕೆ ಒಂದು ವರ್ಷ ಮೊದಲು ಈ ಮಹಾನುಭಾವರು ದೊಡ್ಡಮ್ಮನ ಜೊತೆ ಕಾಶಿಗೆ ಹೋಗಿದ್ದರು. ಕಾಶಿಗೆ ಹೋದವರು ತಮಗೆ ತುಂಬಾ ಇಷ್ಟದ ಒಂದು ತರಕಾರಿಯನ್ನೋ ಹಣ್ಣನ್ನೋ ಅಲ್ಲಿಯೇ ಬಿಟ್ಟು ಬರಬೇಕು, ಆಮೇಲೆ ಜೀವಮಾನದಲ್ಲಿ ಅದನ್ನು ತಿನ್ನಬಾರದು ಎಂಬ ಪದ್ಧತಿ ನಿಮಗೆ ಗೊತ್ತೇ ಇದೆ. ದೊಡ್ಡಪ್ಪ ಏನನ್ನು ಬಿಡುವುದೆಂದು ರೈಲು ಹತ್ತುವ ಮೊದಲೇ ನಿಶ್ಚಯ ಮಾಡಿಕೊಂಡಿದ್ದರು. ಮೂಲಂಗಿ! ಪಕ್ಕದ ಮನೆಯಲ್ಲಿ ಮೂಲಂಗಿ ಬೆಂದರೆ ಈ ಮನೆಯ ಕಿಟಕಿ ಮುಚ್ಚುವ ಮನುಷ್ಯ. ಆದರೆ ಕಾಶಿ ತಲುಪಿದ ಮರುದಿನವೇ ವಿಪರೀತ ಜ್ವರ ಬಂದು ಧರ್ಮಶಾಲೆಯಲ್ಲಿ ಮಲಗಿದವರು ನಾಲ್ಕು ದಿನ ಕಣ್ಣು ಬಿಡಲಿಲ್ಲ. ಡಾಕ್ಟರು ಕೈಚೆಲ್ಲಿದರಂತೆ. ಭಾಷೆ ಬಾರದ ಊರಿನಲ್ಲಿ ದೊಡ್ಡಮ್ಮ ಒಬ್ಬರೇ ಗಂಗೆಗೆ ಇಳಿದು, 'ಇವರು ಎದ್ದು ಕೂತರೆ ಇನ್ನು ಮೇಲೆ ನಾನು ಗುಳ್ಳ ತಿನ್ನುವುದಿಲ್ಲ' ಎಂದು ಹೇಳಿ ಬಂದರು. ಇವರು ಎದ್ದು ಕೂತರು. ಎದ್ದು ಕೂತವರೇ ಹೋಗಿ ಮೂಲಂಗಿಯನ್ನು ಬಿಟ್ಟು ಬಂದರು.

ಗುಳ್ಳ ಎಂದರೆ ಮಟ್ಟುಗುಳ್ಳ. ಕಾಪುವಿಗೆ ಸಮೀಪದ ಮಟ್ಟು ಎಂಬ ಊರಿನ ಗದ್ದೆಗಳಲ್ಲಿ ಬೆಳೆಯುವ ತಿಳಿಹಸಿರು ಬಣ್ಣದ ಗುಂಡಗಿನ ಬದನೆ. ತೊಟ್ಟಿನಲ್ಲಿ ಮುಳ್ಳು, ತೆಳ್ಳಗಿನ ಸಿಪ್ಪೆ, ಬೇಯಿಸಿದರೆ ಬೆಣ್ಣೆ. ದೊಡ್ಡಮ್ಮನ ತವರೂರು ಅದೇ ಮಟ್ಟು. ಹುಟ್ಟಿದಂದಿನಿಂದ ತಿಂದದ್ದನ್ನು ಅವರು ಗಂಡನ ಜ್ವರಕ್ಕೆ ಕೊಟ್ಟುಬಿಟ್ಟಿದ್ದರು.

ಊರಿಗೆ ಬಂದ ಮೇಲೆ ದೊಡ್ಡಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ಮೊದಲ ಕೆಲಸವಾಗಿ ಮನೆಯೊಳಗೆ ಗುಳ್ಳ ಬರಕೂಡದೆಂದು ಹುಕುಂ ಮಾಡಿದರು. ಕಣ್ಣಿಗೆ ಬಿದ್ದರೆ ಅವಳಿಗೆ ಆಸೆಯಾದೀತು! ಡಿಸೆಂಬರಿನಲ್ಲಿ ದೊಡ್ಡಮ್ಮನ ತಮ್ಮ ಮಟ್ಟುವಿನಿಂದ ಚೀಲ ತುಂಬಾ ಗುಳ್ಳ ಹೊತ್ತು ತಂದರೆ, ಗೇಟಿನಲ್ಲಿಯೇ ತಡೆದು ಚೀಲ ಹೊರಗಿಡಿಸಿ, ಬರಿಗೈಯವರಾದ ಮೇಲೆ ಒಳಗೆ ಕರೆದು ಕಾಫಿ ಕೊಡಿಸುತ್ತಿದ್ದರು. ಅಬಕಾರಿಯವರು ಕೂಡ ಅಷ್ಟು ಚೆನ್ನಾಗಿ ತಪಾಸಣೆ ಮಾಡುತ್ತಿರಲಿಲ್ಲ.

ಎರಡನೆಯ ಕೆಲಸ, ಕಾನೂನಿನಲ್ಲಿ ಒಂದು ದಾರಿ ಹುಡುಕುವುದು. ವರ್ಷಕ್ಕೂ ಹೆಚ್ಚು ಯೋಚಿಸಿ ಒಂದು ದಿನ ಬಸ್ಸಿನಲ್ಲಿ ನನಗೆ ಹೇಳಿದರು, "ನೋಡು, ನಿನ್ನ ದೊಡ್ಡಮ್ಮ ಬಿಟ್ಟದ್ದು ಎಂತ? ಮಟ್ಟುಗುಳ್ಳ. ಹೋಟೆಲಿನವರು ಮಟ್ಟುಗುಳ್ಳ ಅಂತ ಬೋರ್ಡು ಹಾಕಿ ಬೇರೆ ಎಂತದೋ ಬದನೆ ಬೇಯಿಸ್ತಾರೆ ಅಂತ ಊರಿಡೀ ಹೇಳ್ತಾರೆ. ಹಾಗಾದ್ರೆ ಹೋಟೆಲಿನ ಗುಳ್ಳ ಅವಳು ತಿನ್ಲಿಕ್ಕೆ ಅಡ್ಡಿ ಎಂತ ಉಂಟು?"

"ಬೇರೆ ಬದನೆ ತಂದು ಮನೆಯಲ್ಲೇ ಮಾಡಿದ್ರೆ ಆಗ್ಲಿಕ್ಕಿಲ್ವಾ ದೊಡ್ಡಪ್ಪ?"

"ಅದು ಬದನೆ. ಬದನೆ ಅವಳು ತಿಂತಾಳೆ. ಗುಳ್ಳ ಅಂತ ಬೋರ್ಡು ಇರ್ಬೇಕು, ಗುಳ್ಳ ಅಂತ ಬಡಿಸ್ಬೇಕು, ಆದ್ರೆ ಗುಳ್ಳ ಆಗಿರ್ಬಾರ್ದು. ಅರ್ಥ ಆಯ್ತಾ?"

ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದೆ. ನಮ್ಮ ಮನೆತನದಲ್ಲಿ ದೊಡ್ಡಪ್ಪನ ಎದುರು ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಆ ಕಾಲದಲ್ಲಿ ನಮ್ಮ ಕಡೆ ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ, ಹೋಟೆಲುಗಳ ಬಾಗಿಲಿನ ಕರಿಹಲಗೆ ನೋಡಿದರೆ ಸಾಕಾಗುತ್ತಿತ್ತು. ಮಾವಿನ ಹಣ್ಣಿನ ರಸಾಯನ ಎಂದಿದ್ದರೆ ಮೇ. ಪತ್ರೊಡೆ ಎಂದಿದ್ದರೆ ಮಳೆಗಾಲದ ಆಟಿ ತಿಂಗಳು. 'ಇಂದಿನ ವಿಶೇಷ: ಮಟ್ಟುಗುಳ್ಳದ ಹುಳಿ' ಎಂದು ಬಂತೋ, ಡಿಸೆಂಬರ್. ಹೋಟೆಲಿನವರಲ್ಲಿ ಪೈಪೋಟಿ ಬೇರೆ. ಉಡುಪಿಯ ಒಂದು ಹೋಟೆಲು ಭಜನಾ ಸಪ್ತಾಹದಂತೆ ಗುಳ್ಳದ ಸಪ್ತಾಹವನ್ನೇ ಇಟ್ಟಿತು. ಮೊದಲ ದಿನ ಹುಳಿ, ಎರಡನೆಯ ದಿನ ಗೊಜ್ಜು, ಮೂರನೆಯ ದಿನ ಕಡ್ಲೆಹಿಟ್ಟಿನಲ್ಲಿ ಅದ್ದಿ ಕರಿದ ಪೋಡಿ. ಐದನೆಯ ದಿನಕ್ಕೆ ಕಲ್ಪನೆ ಬತ್ತಿ, ಏಳನೆಯ ದಿನ ಗುಳ್ಳದ ಹಲ್ವಾ ಮಾಡಿದರು. ತಿಂದವರು ಯಾರೂ ಆ ವಿಷಯ ಮಾತಾಡಲಿಲ್ಲ.

ದೊಡ್ಡಪ್ಪನ ದಿಗ್ವಿಜಯ ಆರಂಭವಾದದ್ದು ಆ ಸಪ್ತಾಹದಲ್ಲಿ. ನನ್ನ ರಜಾದಿನ ನೋಡಿ ಸಾಕ್ಷಿಗೆಂದು ಕರೆದುಕೊಂಡು ಹೋದರು. ಹುಳಿಯ ಬಟ್ಟಲು ಬಂತು. ಒಂದು ಹೋಳನ್ನು ಬೆರಳಿನಿಂದ ಒತ್ತಿದರು, ಅದು ಮೆಲ್ಲಗೆ ಕರಗಿತು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಯಜಮಾನರನ್ನು ಕರೆಸಿದರು.

"ಇದು ಎಲ್ಲಿಯ ಗುಳ್ಳ?"

"ಮಟ್ಟುವಿನದ್ದೇ ರಾಯರೇ. ಬೆಳಿಗ್ಗೆ ಕೊಯ್ದದ್ದು."

"ಪ್ರಮಾಣ ಮಾಡಿ ಹೇಳ್ತೀರಾ?"

"ದೇವರ ಎದುರು ಬೇಕಾದ್ರೂ ಹೇಳ್ತೇನೆ."

"ನಿಮಗೆ ವ್ಯಾಪಾರ ಮಾಡ್ಲಿಕ್ಕೆ ಗೊತ್ತಿಲ್ಲ ಮಾರಾಯ್ರೆ," ಎಂದು ದೊಡ್ಡಪ್ಪ ಕೈತೊಳೆಯಲು ಎದ್ದರು. ಎದ್ದರು ಎಂದರೆ ಬಟ್ಟಲು ಖಾಲಿ ಮಾಡಿಯೇ ಎದ್ದರು ಅನ್ನಿ. ಸಿಟ್ಟು ಬೇರೆ, ಹಸಿವು ಬೇರೆ. ಆ ಯಜಮಾನರು ಬಾಗಿಲವರೆಗೆ ಬಂದು ತಮ್ಮಿಂದ ಏನು ತಪ್ಪಾಯಿತೆಂದು ನನ್ನನ್ನು ಕೇಳಿದರು. ನಾನು ಏನೆಂದು ಹೇಳಲಿ?

ಹೀಗೆ ವರ್ಷಗಳೇ ಕಳೆದವು. ಜಗತ್ತೆಲ್ಲ ಕಲಬೆರಕೆಯೆಂದು ಪೇಪರಿನವರು ಬರೆಯುತ್ತಿದ್ದರು. ದೊಡ್ಡಪ್ಪ ಹೋದಲ್ಲೆಲ್ಲ ಪ್ರಾಮಾಣಿಕರೇ ಸಿಕ್ಕಿದರು! ಒಮ್ಮೆ ಕಾರ್ಕಳದ ಹೋಟೆಲೊಂದರಲ್ಲಿ ಬಾಯಿಮಾತನ್ನು ನಂಬದೆ ನೇರ ಹಿತ್ತಲಿಗೆ ಹೋಗಿ, ಸಿಪ್ಪೆಯ ಬುಟ್ಟಿ ಮಗುಚಿ ಹಾಕಿ, ತೊಟ್ಟಿನಲ್ಲಿ ಮುಳ್ಳುಂಟೋ ಇಲ್ಲವೋ ಎಂದು ಒಂದೊಂದಾಗಿ ಪರೀಕ್ಷೆ ಮಾಡಲು ಕುಳಿತರು. ಅಡುಗೆಯವನು ಓಡಿ ಹೋಗಿ ಹೆಲ್ತ್ ಇನ್‌ಸ್ಪೆಕ್ಟರ್ ಬಂದಿದ್ದಾರೆಂದು ಸುದ್ದಿ ಮುಟ್ಟಿಸಿದ. ಯಜಮಾನರು ಬೆವರುತ್ತ ಬಂದರು. ದೊಡ್ಡಪ್ಪನಿಗೆ ಗೋಡಂಬಿ ಹಾಕಿದ ಶಿರಾ, ನನಗೆ ಮಸಾಲೆ ದೋಸೆ, ಇಬ್ಬರಿಗೂ ಗಟ್ಟಿ ಹಾಲಿನ ಕಾಫಿ. ದೊಡ್ಡಪ್ಪ ಶಿರಾ ತಿಂದು, ಬೆರಳಿಗೆ ಚುಚ್ಚಿದ ಮುಳ್ಳನ್ನು ಕೀಳುತ್ತ, "ಇಲ್ಲಿಯೂ ಅಸಲಿ," ಎಂದು ನಿಟ್ಟುಸಿರು ಬಿಟ್ಟರು. ಅವರ ದುಃಖ ನೋಡಿ ಯಜಮಾನರು ಇನ್ನೊಂದು ಪ್ಲೇಟು ಶಿರಾ ಕೊಟ್ಟರು.

ದೊಡ್ಡಮ್ಮನಿಗೆ ಇದೆಲ್ಲ ತಿಳಿಯುತ್ತಿರಲಿಲ್ಲವೇ? ತಿಳಿಯುತ್ತಿತ್ತು. ದೊಡ್ಡಪ್ಪ ಮನೆಗೆ ಬಂದು ಜಗಲಿಯಲ್ಲಿ ಕುಳಿತು ಅಂದಿನ ವಿಚಾರಣೆಯನ್ನು ವಿವರವಾಗಿ ಹೇಳುತ್ತಿದ್ದರಲ್ಲ. ದೊಡ್ಡಮ್ಮ ಅಡುಗೆಮನೆಯಿಂದಲೇ "ಹೌದಾ" ಎನ್ನುತ್ತಿದ್ದರು. ಆಮೇಲೆ ಒಲೆಯ ಮೇಲಿದ್ದ ಬೆಂಡೆಕಾಯಿಗೋ ಹೀರೆಕಾಯಿಗೋ ಒಗ್ಗರಣೆ ಹಾಕುತ್ತಿದ್ದರು.

ಎಂಬತ್ತರ ದಶಕದ ನಡುವಿಗೆ ಮಣಿಪಾಲದಲ್ಲಿ ಒಂದು ಹೊಸ ಹೋಟೆಲು ಎದ್ದಿತು. ಕೆಳಗೆ ಶುದ್ಧ ಸಸ್ಯಾಹಾರಿ, ಫ್ಯಾಮಿಲಿ ರೂಮು. ಮೇಲೆ ಎ.ಸಿ. ಬಾರು. ಹೊಸವರ್ಷದ ಹೊತ್ತಿಗೆ ಅವರು ಎರಡೂ ಕಡೆ ಗುಳ್ಳದ ವಾರ ಇಟ್ಟರು. ಕೆಳಗೆ ಹುಳಿ ಮತ್ತು ಗೊಜ್ಜು, ಮೇಲೆ ಬಿಯರಿನ ಜೊತೆ ಗುಳ್ಳದ ಪೋಡಿ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಆಫೀಸಿನಿಂದ ಬರುವಷ್ಟರಲ್ಲಿ ದೊಡ್ಡಪ್ಪ ಕೆಳಗಿನದ್ದನ್ನು ತಿಂದು, ಅಸಲಿಯೆಂದು ತೀರ್ಪು ಕೊಟ್ಟು, ಬಾಣದ ಗುರುತು ನೋಡಿ ಮೆಟ್ಟಿಲು ಹತ್ತಿದ್ದರು. ನಾನು ಹಿಂದೆಯೇ ಓಡಿದೆ.

ಬಾಗಿಲಿನಿಂದ ಕಂಡ ದೃಶ್ಯ ಇದು. ಹಗಲಿನಲ್ಲಿಯೂ ಮಬ್ಬುಗತ್ತಲೆ, ಕೆಂಪು ಬಲ್ಬು. ನಡುವೆ ಪಂಚೆ, ಶಾಲು, ಹಣೆಯ ಮೇಲೆ ಗೋಪಿಚಂದನ, ಕಂಕುಳಲ್ಲಿ ಕೊಡೆ ಸಮೇತ ನನ್ನ ದೊಡ್ಡಪ್ಪ. ಸುತ್ತಲಿನ ಮೇಜುಗಳಿಂದ ಉತ್ತರ ಭಾರತದ ಕಡೆಯ ಕಾಲೇಜು ಹುಡುಗರು ಅವರಿಗೆ ಗ್ಲಾಸು ಎತ್ತಿ ಗೌರವ ಸಲ್ಲಿಸುತ್ತಿದ್ದರು. ಅವರು ಒಬ್ಬೊಬ್ಬರಿಗೂ ಕೈಮುಗಿದು ಪ್ರತಿನಮಸ್ಕಾರ ಮಾಡುತ್ತಿದ್ದರು. ಉಡುಪಿಗೆ ಹತ್ತಿರದ ಹೂಡೆಯ ಕಡೆಯವನೊಬ್ಬ ಸಪ್ಲೈಯರ್ ಪೋಡಿಯ ಪ್ಲೇಟು ಹಿಡಿದು ಎದುರು ನಿಂತಿದ್ದ.

"ಇದು ಮಟ್ಟುವಿನ ಗುಳ್ಳವಾ?" ದೊಡ್ಡಪ್ಪ ಸೋತ ಧ್ವನಿಯಲ್ಲಿ ಕೇಳಿದರು.

"ನಿಮ್ಮತ್ರ ಸುಳ್ಳು ಯಾಕೆ ಸ್ವಾಮಿ," ಎಂದು ಅವನು ಮೆಲ್ಲಗೆ ಹೇಳಿದ. "ಕುಡಿಯುವವರಿಗೆ ಮಟ್ಟುವಿನದ್ದು ಯಾರು ಹಾಕ್ತಾರೆ? ಇದು ಘಟ್ಟದ ಮೇಲಿನ ಬದನೆ. ಲಾರಿಯಲ್ಲಿ ಬರುವುದು."

ಎಷ್ಟು ವರ್ಷಗಳ ಶೋಧ! ದೇವಸ್ಥಾನದ ಸುತ್ತಮುತ್ತಲಿನ ಪವಿತ್ರ ಹೋಟೆಲುಗಳಲ್ಲಿ ಸಿಗದ ಮೋಸ ಕೊನೆಗೂ ಬಾರಿನಲ್ಲಿ ಸಿಕ್ಕಿತ್ತು. ಅದನ್ನು ಒಪ್ಪಿಕೊಳ್ಳುವ ಸತ್ಯವಂತನೂ ಅಲ್ಲಿಯೇ ಸಿಕ್ಕಿದ್ದ. ದೊಡ್ಡಪ್ಪ ಆ ಸಪ್ಲೈಯರನನ್ನು ಪ್ಲೇಟಿನ ಸಮೇತ ತಬ್ಬಿಕೊಂಡರು.

ದೊಡ್ಡಮ್ಮನನ್ನು ಬಾರಿಗೆ ಕರೆತರುವುದು ಸಾಧ್ಯವಿರಲಿಲ್ಲ, ಮೇಲಿನ ಬಾಣಲೆಯಲ್ಲಿ ಮೀನೂ ಬೇಯುತ್ತಿತ್ತು. ಆದ್ದರಿಂದ ದೊಡ್ಡಪ್ಪ ಮೆನೇಜರರ ಕೋಣೆಗೆ ಹೋಗಿ, ಮೇಲಿನ ನಕಲಿ ಬದನೆಯನ್ನು ಕೆಳಗಿನ ಅಡುಗೆಯ ಭಟ್ಟರಿಂದ ಹುಳಿ ಮಾಡಿಸಿ ಒಬ್ಬರಿಗೆ ಬಡಿಸಬೇಕೆಂದು ಬೇಡಿಕೆ ಇಟ್ಟರು. ಮೆನೇಜರು, ತಮ್ಮಲ್ಲಿ ನಕಲಿಯೇ ಇಲ್ಲವೆಂದು ವಾದಿಸಿದರು. ದೊಡ್ಡಪ್ಪ ಮರುದಿನವೂ ಬಂದರು. ಅದರ ಮರುದಿನವೂ ಬಂದರು. ನಾಲ್ಕನೆಯ ದಿನ ಮೆನೇಜರು, "ಆಯ್ತು ಮಾರಾಯ್ರೆ, ನಾಳೆ ಮಧ್ಯಾಹ್ನ ಕರ್ಕೊಂಡು ಬನ್ನಿ," ಎಂದು ಕೈಮುಗಿದರು. ಬಾಯಿಮಾತು ಸಾಲದೆಂದು ದೊಡ್ಡಪ್ಪ ಒಂದು ಹೇಳಿಕೆ ಬರೆದು ನನ್ನಿಂದ ಟೈಪ್ ಮಾಡಿಸಿದರು. 'ಈ ದಿನ ನಮ್ಮ ಹೋಟೆಲಿನಲ್ಲಿ ಗುಳ್ಳವೆಂದು ಬಡಿಸಲಾದ ಬದನೆಯು ಮಟ್ಟು ಗ್ರಾಮದ್ದಾಗಿರುವುದಿಲ್ಲವೆಂದು ಈ ಮೂಲಕ ಖಚಿತಪಡಿಸುತ್ತೇನೆ.' ಲೋಕದಲ್ಲಿ ಇಂಥ ಕಾಗದಕ್ಕೆ ಸಹಿ ಹಾಕಿದ ಹೋಟೆಲಿನವರು ಆ ಮೆನೇಜರೊಬ್ಬರೇ ಇರಬೇಕು.

ಮರುದಿನ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಮುಡಿದು ಬಂದರು. ಫ್ಯಾಮಿಲಿ ರೂಮಿನಲ್ಲಿ ಎಲೆ ಹಾಕಿ ಅನ್ನ, ಹುಳಿ ಬಡಿಸಿದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಪಕ್ಕದ ಮೇಜಿನವರು ತಮ್ಮ ತಮ್ಮ ಹುಳಿಯನ್ನು ಅನುಮಾನದಿಂದ ನೋಡತೊಡಗಿದರು.

"ತಿನ್ನು ಮಾರಾಯ್ತಿ. ದೋಷ ಇಲ್ಲ."

ದೊಡ್ಡಮ್ಮ ಒಂದು ಹೋಳು ಬಾಯಿಗೆ ಹಾಕಿಕೊಂಡರು. ನಾನೂ ರುಚಿ ನೋಡಿದ್ದೆ. ಗಟ್ಟಿ ಸಿಪ್ಪೆ, ಒಳಗೆ ಬೀಜ, ಕಹಿ. ಮಟ್ಟುವಿನಲ್ಲಿ ಹುಟ್ಟಿದವರಿಗೆ ಹೇಗಾಗಿರಬೇಡ? ಅವರು ಒಂದೂ ಬಿಡದೆ ಎಲ್ಲ ಹೋಳು ತಿಂದರು.

"ಹೇಗುಂಟು?" ದೊಡ್ಡಪ್ಪ ಕುರ್ಚಿಯ ತುದಿಗೆ ಬಂದಿದ್ದರು.

"ಚೆನ್ನಾಗುಂಟು."

"ಇನ್ನು ಪ್ರತಿ ವರ್ಷ ಇಲ್ಲಿಗೇ ಬರುವ. ನಾನು ಮೆನೇಜರತ್ರ ಹೇಳಿ..."

"ಬೇಡ," ಎಂದರು ದೊಡ್ಡಮ್ಮ. ಅವರು ದೊಡ್ಡಪ್ಪನ ಮಾತನ್ನು ನಡುವೆ ತಡೆದದ್ದನ್ನು ನಾನು ಮೊದಲ ಸಲ ನೋಡಿದೆ. "ನೀವು ಇಷ್ಟು ವರ್ಷ ಓಡಾಡಿದ್ರಿ ಅಂತ ತಿಂದೆ. ನನಗೆ ತಿನ್ನುವ ಆಸೆ ಕಾಶಿಯಲ್ಲಿಯೇ ಹೋಗಿದೆ. ನಾನು ಬಿಟ್ಟದ್ದು ತಿನ್ನುವುದನ್ನು. ಹುಳಿ ಮಾಡಿ ನಿಮಗೆ ಬಡಿಸುವುದನ್ನು ನಾನು ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದ್ದು ನೀವು."

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು.

"ನೀವು ಉಳಿಯಲಿ ಅಂತ ಅಲ್ವಾ ನಾನು ಬಿಟ್ಟದ್ದು? ಉಳಿದ ಮೇಲೆ ನೀವು ಊರಿನ ಹೋಟೆಲಿನಲ್ಲೆಲ್ಲ ಗುಳ್ಳ ತಿಂದ್ರಿ. ನನ್ನ ಕೈಯದ್ದು ಒಂದು ದಿನ ತಿನ್ಲಿಲ್ಲ."

ದೊಡ್ಡಪ್ಪ ಕನ್ನಡಕ ತೆಗೆದು ಆ ಹೇಳಿಕೆಯ ಕಾಗದವನ್ನು ನಾಲ್ಕಾಗಿ ಮಡಚಿದರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವರ ಹಿಂದೆ ಮುಂದೆ ತಿರುಗಿ ದೋಸೆ ತಿಂದು ನಕ್ಕವಳು ನಾನು, ಅಡುಗೆಮನೆಗೆ ಹೋಗಿ ದೊಡ್ಡಮ್ಮನಿಗೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಯಾರಿಗೂ ಹೇಳದೆ ಮಟ್ಟುವಿಗೆ ಹೋಗಿ ತಾವೇ ಚೀಲ ಹೊತ್ತುಕೊಂಡು ಬಂದರು. ಚೀಲವನ್ನು ಅಡುಗೆಮನೆಯ ಬಾಗಿಲಿನಲ್ಲಿಟ್ಟು ಜಗಲಿಗೆ ಹೋಗಿ ಕುಳಿತರು. ದೊಡ್ಡಮ್ಮ ಗುಳ್ಳಗಳನ್ನು ಒಂದೊಂದಾಗಿ ತೊಳೆದು ಸೆರಗಿನಿಂದ ಒರೆಸಿದರು. ಅವರು ಹಾಡಿಕೊಳ್ಳುತ್ತ ಕೊತ್ತಂಬರಿ, ಮೆಣಸು ಹುರಿದದ್ದನ್ನು ನಾನು ಅಂದೇ ಕೇಳಿದ್ದು.

ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಕುಳಿತರು. ದೊಡ್ಡಮ್ಮ ಹುಳಿ ಬಡಿಸಿ, ಸೌಟು ಹಿಡಿದು ಎದುರು ನಿಂತು, "ಉಪ್ಪು ಸರಿ ಉಂಟಾ?" ಎಂದು ಕೇಳಿದರು. ರುಚಿ ನೋಡುವಂತಿರಲಿಲ್ಲವಲ್ಲ, ಅಂದಾಜಿನಲ್ಲಿಯೇ ಹಾಕಿದ್ದರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ನಾನೂ ಉಂಡಿದ್ದೇನೆ. ದೊಡ್ಡಪ್ಪ ಸಾಕ್ಷಿ ಕೇಳಲಿಲ್ಲ, ಯಾವುದಕ್ಕೆ ಹೋಲಿಸಿ ಎಂದೂ ಕೇಳಲಿಲ್ಲ. ತಲೆ ತಗ್ಗಿಸಿಕೊಂಡೇ, "ಸರಿ ಉಂಟು," ಎಂದರು. ಅವರ ಕಣ್ಣಿನಿಂದ ನೀರು ಎಲೆಗೆ ಬೀಳುತ್ತಿತ್ತು. ದೊಡ್ಡಮ್ಮ ಅದನ್ನು ನೋಡದವರ ಹಾಗೆ ಇನ್ನೊಂದು ಸೌಟು ಬಡಿಸಿದರು.