ಮಾವನವರು ಪುಲ್ಡ್ ಥ್ರೂ ಆದದ್ದು

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆ ಎಲ್ಲರಿಗೂ ಇತ್ತು. ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಆಗ ಬೀದಿಗೆಲ್ಲ ಒಂದೇ ಫೋನು, ಸೀರೆ ವ್ಯಾಪಾರದ ರಾಮಣ್ಣನವರ ಮನೆಯಲ್ಲಿ. ಅದಕ್ಕೆ ಬೆಂಗಳೂರಿನ ಆಸ್ಪತ್ರೆಯಿಂದ ಕರೆ ಬಂದಾಗ ನನ್ನನ್ನು ಕೂಗಿದರು. ಎದೆನೋವೆಂದು ಮಾವನವರನ್ನು ಅಲ್ಲಿ ಸೇರಿಸಿ, ಅತ್ತೆಯನ್ನು ಜೊತೆಗೆ ಬಿಟ್ಟು ಬಂದಿದ್ದೆ.

ಸುತ್ತ ಜನ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಯೆಸ್, ಸನ್ ಇನ್ ಲಾ ಸ್ಪೀಕಿಂಗ್" ಎಂದೆ.

ಆ ಕಡೆಯ ನರ್ಸ್ ಒಂದು ಕ್ಷಣ ತಡೆದು, "ಹಿ ಪುಲ್ಡ್ ಥ್ರೂ. ಯು ಕ್ಯಾನ್ ಟೇಕ್ ಹಿಮ್ ಹೋಮ್" ಎಂದಳು. ಥ್ಯಾಂಕ್ಯೂ ಹೇಳಿ ಫೋನ್ ಇಟ್ಟೆ.

ಪುಲ್ ಎಂದರೆ ಎಳೆ. ಥ್ರೂ ಎಂದರೆ ಆಚೆಗೆ. ಎಳೆದು ಆಚೆ ದಾಟಿಸಿದರು. ಯಾರು? ಯಮಧರ್ಮನಲ್ಲದೆ ಮತ್ತಾರು! ನನಗೆ ಮಗ್ಗ ಕಲಿಸಿ, ಮಗಳನ್ನೂ ಕೊಟ್ಟ ಮನುಷ್ಯ.

"ಏನಂತಪ್ಪಾ?" ಎಂದರು ರಾಮಣ್ಣ.

"ಯಮ ಎಳ್ಕೊಂಡ್ಬಿಟ್ಟನಂತೆ ಅಣ್ಣಾ. ಮನೆಗೆ ತಗೊಂಡ್ಹೋಗಿ ಅಂದ್ರು."

ನನ್ನ ಹೆಂಡತಿ ಗಿರಿಜೆ ಅಳುತ್ತಲೇ ಕೇಳಿದಳು, "ಸರಿಯಾಗಿ ಕೇಳಿಸ್ಕೊಂಡ್ರಾ?"

"ಇಂಗ್ಲಿಷಲ್ಲಿ ಹೇಳಿದ್ದಾಳೆ ಕಣೇ. ಸುಳ್ಳು ಹೇಳ್ತಾಳಾ?"

ಸಾವಾದರೆ ಬೀದಿಯ ಕರೆಂಟ್ ಮಗ್ಗಗಳೆಲ್ಲ ನಿಲ್ಲಬೇಕು. ಒಂದೊಂದಾಗಿ ನಿಂತವು. ಮಗ್ಗದ ಸದ್ದಿಗೆ ನಿದ್ದೆ ಮಾಡುವ ಕೂಸುಗಳು ಒಟ್ಟಿಗೆ ಎದ್ದು ಅತ್ತು, ಆಮೇಲೆ ಅವೂ ಸುಮ್ಮನಾದವು. ಯಾರದೋ ಮನೆಯ ಗೋಡೆ ಗಡಿಯಾರ ಬೀದಿಗೆ ಕೇಳತೊಡಗಿತು. ಅರ್ಧ ನೇಯ್ದ ಸೀರೆ ನೋಡಲಾರೆನೆಂದು ಗಿರಿಜೆ ಅಪ್ಪನ ಮಗ್ಗದ ಕೋಣೆಗೆ ನನ್ನಿಂದ ಬೀಗ ಹಾಕಿಸಿದಳು.

ಇಲ್ಲೇ ಹತ್ತಿರದ ವಿಜಯಪುರದಿಂದ ಭಾವಮೈದನನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗಲೆಂದು ಕಳಿಸಿದ ವ್ಯಾನು ಸಂಜೆಯಾದರೂ ಪತ್ತೆಯಿಲ್ಲ. ಬಾಗಿಲ ಮುಂದೆ ಬೆಂಕಿ ಹೊಗೆಯಾಡುತ್ತಿತ್ತು. ಚಟ್ಟ ಸಿದ್ಧವಾಗಿತ್ತು. ಎಲ್ಲರೂ ಪಿಸುಮಾತಿಗೆ ಇಳಿದಿದ್ದರು.

ಆಗ ಬೀಗ ಹಾಕಿದ ಕೋಣೆಯೊಳಗೆ ಮಗ್ಗ ಶುರುವಾಯಿತು.

ಲಟಕ್. ಪಟಕ್. ನಮ್ಮಲ್ಲಿ ಒಂದೊಂದು ಮಗ್ಗಕ್ಕೂ ಒಂದೊಂದು ದನಿ. ಮಾವನವರದು ಮೂರು ಏಟಿಗೊಮ್ಮೆ ಸಣ್ಣಗೆ ಕೆಮ್ಮುತ್ತದೆ. ಕೆಮ್ಮಿತು. ಬೀಗ ಹಾಕಿದ ಹಾಗೇ ಇತ್ತು.

"ಅರ್ಧ ಸೀರೆ ಬಿಟ್ಟು ಹೋದ್ರಲ್ಲ, ಆಸೆ ಉಳ್ಕೊಂಡಿದೆ" ಎಂದು ರಾಮಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದರು. "ಹೋಗಿ ಮಾತಾಡ್ಸಪ್ಪಾ. ಅಳಿಯ ನೀನು."

ಕೀಲಿ ಹಿಡಿದು ಹೋದೆ. ದೇವರ ಹೆಸರು ಒಂದೂ ನೆನಪಾಗಲಿಲ್ಲ. ಬಾಗಿಲು ತೆರೆದೆ. ನಸುಗತ್ತಲಲ್ಲಿ ಮಾವನವರು ಬೆನ್ನು ಹಾಕಿ ನಿಂತಿದ್ದರು. ಕೈಗೆ ಆಸ್ಪತ್ರೆಯ ಹತ್ತಿ, ಪಟ್ಟಿ. ನಿಧಾನವಾಗಿ ತಿರುಗಿದರು.

"ಯಾವನ್ಲಾ ಬೀದೀಲಿ ಮಗ್ಗ ನಿಲ್ಸಿರೋನು? ಯಾರು ಹೋದ್ರು?"

"ನೀವೇ, ಮಾವ."

ಕೋಣೆಯ ಹಿತ್ತಿಲ ಬಾಗಿಲಿಂದ ಚೀಲ ಹಿಡಿದು ಅತ್ತೆ ಬಂದರು. ಆ ಬಾಗಿಲ ಕೀಲಿ ಸದಾ ಮಾವನ ಉಡಿದಾರದಲ್ಲೇ ಇರುತ್ತದೆ. ನನಗದು ಮರೆತೇ ಹೋಗಿತ್ತು.

"ನೀನು ಬರ್ತೀಯ ಅಂತ ಕಾದೂ ಕಾದೂ ಬಸ್ಸಿಗೆ ಬಂದ್ವಪ್ಪಾ. ಬಸ್‌ಸ್ಟ್ಯಾಂಡಿಂದ ಹಿಂದಿನ ಗಲ್ಲಿ ಹತ್ರ ಅಂತ ಹಿಂಗೇ ಬಂದ್ವಿ. ಗಂಡಾಂತರ ಕಳೀತು, ಕರ್ಕೊಂಡ್ಹೋಗಿ ಅಂತ ಆ ನರ್ಸಮ್ಮ ಫೋನ್ ಮಾಡ್ಲಿಲ್ವಾ?"

"ಮಾಡಿದ್ಲು ಅತ್ತೆ. ಇಂಗ್ಲಿಷಲ್ಲಿ ಹೇಳಿದ್ಲು."

"ಅವಳು ನೆಲಮಂಗಲದ ಹುಡುಗಿ ಕಣಪ್ಪಾ. ಫೋನ್ ಇಟ್ಟು ಬಂದು ನನ್ನೇ ಕೇಳಿದ್ಲು, ಪಾಪ, ನಿಮ್ಮ ಅಳಿಯಂಗೆ ಕನ್ನಡ ಬರಲ್ವಾ ಅಂತ."

ಹೊರಗೆ ಬೀದಿಯ ಮಗ್ಗಗಳು ಒಂದೊಂದಾಗಿ ಶುರುವಾದವು. ಎಲ್ಲರೂ ನನ್ನ ಉತ್ತರಕ್ಕೆ ಕಾದಿದ್ದರು. ಆ ಸಂಜೆ ನನಗೆ ಎರಡು ಭಾಷೆಯೂ ಬರುತ್ತಿರಲಿಲ್ಲ.