ಕಿವಿಗೆ ಬೀಳದ ಸೂತಕ

ಹೆಣ್ಣು ನೋಡಲು ಬಂದ ದಿನ ಗಂಡಿನ ಅಜ್ಜಿ ಕೇಸರಿಬಾತು ತಿನ್ನುತ್ತ ಕೇಳಿದ ಒಂದೇ ಮಾತಿನಿಂದ ಇಷ್ಟೆಲ್ಲ ಆಯಿತು.

"ನಿಮ್ ಕಡೆ ಜನಾನೇ ಕಾಣಲ್ವಲ್ಲಾ. ದಾಯಾದಿಗಳು ಯಾರೂ ಇಲ್ವಾ?"

ಕೊಳ್ಳೇಗಾಲದ ರೇಷ್ಮೆ ನೇಕಾರ ಶಂಕರ್‌ಗೆ ಆ ಮಾತು ಗಂಟಲಲ್ಲಿ ಎಳೆ ಸಿಕ್ಕಿದಂತೆ ಸಿಕ್ಕಿಕೊಂಡಿತು. ಮುತ್ತಾತನ ಹೆಸರೊಂದನ್ನೇ ಹಿಡಿದು ಮೂರು ತಿಂಗಳು ಬಸ್ಸು ಹತ್ತಿ ಇಳಿದ. ಸತ್ತೇಗಾಲದಲ್ಲಿ ಮೂರು ಮನೆ, ಹೂಗ್ಯಂನಲ್ಲಿ ಒಂದು, ಕೌದಳ್ಳಿಯಲ್ಲಿ ಹನ್ನೊಂದು ಮನೆ ದಾಯಾದಿಗಳು ಸಿಕ್ಕರು. ಎಲ್ಲರನ್ನೂ ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ವಂಶಕ್ಕೆಲ್ಲ ಹಿರಿಯರು ಕೌದಳ್ಳಿಯ ನಂಜುಂಡಯ್ಯಜ್ಜ, ತೊಂಬತ್ನಾಲ್ಕು ವರ್ಷ. ಅವರ ಕಾಲಿಗೆ ಬಿದ್ದು ಫೋಟೊ ತೆಗೆಸಿಕೊಂಡು ಯಳಂದೂರಿನ ಬೀಗರಿಗೂ ಕಳಿಸಿದ್ದ.

ಅದೇ ಅಜ್ಜ, ಶಂಕರ್‌ನ ಮಗಳು ಸ್ಪಂದನಳ ನಿಶ್ಚಿತಾರ್ಥದ ದಿನವೇ ಹೊರಟು ನಿಂತಿದ್ದರು.

"ಚಿಕ್ಕಪ್ಪಾ, ಅಜ್ಜಂಗೆ ಉಸ್ರು ಮೇಲ್ಕ ಮೇಲ್ಕ ಓಯ್ತಾ ಅದೆ..." ಬೆಳಿಗ್ಗೆ ಆರಕ್ಕೆ ಗ್ರೂಪಿನಲ್ಲಿ ಅಜ್ಜನ ಮೊಮ್ಮಗ ಹೇಮಂತನ ದನಿ. ಶಂಕರ್ ಪೂರ್ತಿ ಕೇಳದೆ ಫೋನನ್ನು ಕೆಂಡದಂತೆ ಕೆಳಗೆ ಬಿಟ್ಟ.

ದಾಯಾದಿ ಸತ್ತರೆ ಹತ್ತು ದಿನ ಸೂತಕ, ಶುಭಕಾರ್ಯ ನಿಲ್ಲಬೇಕು. ಅಷ್ಟರಲ್ಲಿ ಆಷಾಢ ಬರುತ್ತದೆ. ಆಷಾಢಕ್ಕೆ ಮುಂಚೆ ಆಗದಿದ್ದರೆ ಬೀಗರಿಗೆ ಹನೂರಿನ ಇನ್ನೊಂದು ಹೆಣ್ಣು ಸಿದ್ಧವಾಗಿದೆ. ಆರು ಹುಡುಗರನ್ನು ಬೇಡವೆಂದಿದ್ದ ಸ್ಪಂದನ ಯಳಂದೂರಿನ ಈ ಹುಡುಗನೊಬ್ಬನನ್ನು ನೋಡಿ ನಕ್ಕಿದ್ದಳು.

"ಮೂರು ತಿಂಗ್ಳ ಹಿಂದೆ ಆ ಅಜ್ಜ ಓಗಿದ್ರೆ ನಿಮ್ಗೆ ಒಂದು ಸೀನೂ ಬತ್ತಿರ್ಲಿಲ್ಲ," ಎಂದಳು ಹೆಂಡತಿ ರುದ್ರಾಣಿ. "ಬಸ್ಸತ್ತಿ ಓಗಿ ಸೂತ್ಕ ಉಡ್ಕಂಡು ಬಂದ್ರಿ."

"ಲೇ, ಸೂತ್ಕ ಸತ್ತಾಗಲ್ಲ, ಸುದ್ದಿ ಕಿವಿಗೆ ಬಿದ್ದಾಗ. ಸಾಯಂಕಾಲ ಉಂಗ್ರ ಆಕೋಗಂಟ ನಮ್ ಕಿವಿಗೆ ಬೀಳ್ಬಾರ್ದು, ಅಷ್ಟೇಯ."

ಮನೆಯ ಮೂರೂ ಫೋನುಗಳು ಅಕ್ಕಿ ಡಬ್ಬಿ ಸೇರಿದವು. ರುದ್ರಾಣಿ ಮಗಳನ್ನು ಕರೆದುಕೊಂಡು ಬ್ಯೂಟಿ ಪಾರ್ಲರಿಗೆ ಹೋದಳು. ಅಲ್ಲಿ ಕೂದಲು ಒಣಗಿಸುವ ಮಿಷನ್ನಿನ ಸದ್ದಿಗೆ ಯಾವ ಸುದ್ದಿಯೂ ಕೇಳುವುದಿಲ್ಲ.

ಒಂಬತ್ತಕ್ಕೆ ಪಕ್ಕದ ಮನೆಯ ರಾಮಮ್ಮ ತನ್ನ ಫೋನನ್ನು ಮೇಲೆತ್ತಿ ಹಿಡಿದು ಬಂದಳು. ಗ್ರೂಪಿಗೆ ಎರಡನೇ ನಂಬರೆಂದು ಅವಳದನ್ನು ಕೊಟ್ಟವನು ಶಂಕರ್‌ನೇ.

"ಶಂಕ್ರಾ, ಕೌದಳ್ಳಿಯಿಂದ..."

ಶಂಕರ್ ಹಾರಿ ಪವರ್‌ಲೂಮಿನ ಸ್ವಿಚ್ಚು ಒತ್ತಿದ. ಕಟಕಟ ಸದ್ದಿಗೆ ಗೋಡೆ ನಡುಗಿತು. ರಾಮಮ್ಮನ ಬಾಯಿ ನೀರಿನಿಂದ ತೆಗೆದ ಮೀನಿನಂತೆ ತೆರೆದು ಮುಚ್ಚಿತು. ಅವನು ಅರ್ಧ ನೇಯ್ದ ಸೀರೆ ತೋರಿಸಿ ಕೈಯಾಡಿಸಿದ. ಅವಳು ಕದಲಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತಳು.

ಹತ್ತೂವರೆಗೆ ಕರೆಂಟು ಹೋಯಿತು.

ಅಷ್ಟು ದೊಡ್ಡ ನಿಶ್ಶಬ್ದವನ್ನು ಶಂಕರ್ ಹಿಂದೆಂದೂ ಕಂಡಿರಲಿಲ್ಲ. "ನಂಜುಂಡಯ್ಯಜ್ಜ..." ಎಂದು ರಾಮಮ್ಮ ಶುರು ಮಾಡುವಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಪರಾರಿಯಾದ. ಬೀದಿ ತಿರುವಿನಲ್ಲಿ ದಿನಸಿ ಅಂಗಡಿಯ ನಿಂಗಯ್ಯ, "ಶಂಕ್ರಣ್ಣೋ, ನಿಮ್ಮಜ್ಜ..." ಎಂದು ಕೂಗಿದ. ರಾಮಮ್ಮ ಬರುವ ಮುಂಚೆಯೇ ಬೀದಿಗೆಲ್ಲ ಹಂಚಿಬಿಟ್ಟಿದ್ದಾಳೆ! ಶಂಕರ್ ಸೀದಾ ಔಷಧದಂಗಡಿಗೆ ನುಗ್ಗಿ, ಹತ್ತಿ ಕೊಂಡು ಎರಡೂ ಕಿವಿಗೆ ತುರುಕಿಕೊಂಡ.

ಆಮೇಲೆ ಎದುರಾದವರಿಗೆಲ್ಲ ತಲೆಯಾಡಿಸುತ್ತ ನಡೆದ. ಮನೆ ಬಾಗಿಲಲ್ಲೇ ರಾಮಮ್ಮ ಹಿಡಿದಳು. ಫೋನು ಕಿವಿಯಲ್ಲಿತ್ತು. ಹುಬ್ಬೇರಿಸಿ ಏನೋ ಕೇಳಿದಳು. ಬೇಡವೆಂದರೆ ಮತ್ತೆ ಕೇಳುತ್ತಾಳೆ ಎಂದು ಶಂಕರ್ ಜೋರಾಗಿ ಹೂಂ ಎಂದು ತಲೆಯಾಡಿಸಿದ. ರಾಮಮ್ಮನ ಮುಖ ಅರಳಿತು. ಫೋನಿಗೆ ಏನೋ ಹೇಳಿ ಖುಷಿಯಾಗಿ ಹೋದಳು.

ಸತ್ತ ಸುದ್ದಿ ಹೇಳಿದವರು ಹೀಗೆ ನಗುವುದಿಲ್ಲವಲ್ಲ? ಆ ಅನುಮಾನವನ್ನು ಶಂಕರ್ ಅಲ್ಲೇ ಅದುಮಿದ.

ನಾಲ್ಕಕ್ಕೆ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ. ಯಳಂದೂರಿನ ಕಾರು ಬಂತು. ಅದರ ಬೆನ್ನಿಗೇ ಒಂದು ಟೆಂಪೊ. ಅದರಿಂದ ಕೌದಳ್ಳಿಯ ಹನ್ನೊಂದು ಮನೆಯವರೂ ಇಳಿದರು. ಕೊನೆಗೆ ನಾಲ್ವರು ಹೊತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಂಜುಂಡಯ್ಯಜ್ಜ ಇಳಿದರು.

ಶಂಕರ್‌ನ ಕೈಯ ಪನ್ನೀರುದಾನಿ ತಾನಾಗಿ ಚಿಮ್ಮಿತು.

"ಬೆಳಿಗ್ಗೆಯಿಂದ ಪೋನ್ ಮಾಡ್ದೊ ಚಿಕ್ಕಪ್ಪಾ," ಎಂದ ಹೇಮಂತ. "ವಂಸ ಉಡ್ಕಂಡು ಬಂದ ಮಗನ ಮನೆ ಸುಭಕಾರ್ಯ ನೋಡ್ಕಂಡೇ ಕಣ್ಮುಚ್ಚೋದು ಅಂತ ಒಂದೇ ಹಟ. ಕರ್ಕಬರ್ಲಾ ಅಂತ ರಾಮಮ್ಮಾರ್ ಕೈಲಿ ಕೇಳಿಸ್ದೆ. ನೀವು ಹೂಂ ಅಂದ್ರಂತಲ್ಲ!"

ಗಂಡಿನ ಅಜ್ಜಿಗೆ ಆನಂದವೋ ಆನಂದ. "ಇದಪ್ಪಾ ಮನೆತನ ಅಂದ್ರೆ!" ಎಂದಳು. ಎಲ್ಲರೂ ಉಂಗುರ ನೋಡುತ್ತಿದ್ದರೆ ಶಂಕರ್ ಅಜ್ಜನ ಎದೆ ನೋಡುತ್ತಿದ್ದ. ಏರಿತು. ಇಳಿಯಿತು. ಮತ್ತೆ ಏರಲು ಬಹಳ ಹೊತ್ತು ಹಿಡಿಯಿತು. ಅಂತೂ ಉಂಗುರ ಬೆರಳು ಸೇರಿತು, ಅಜ್ಜ ಅಕ್ಷತೆ ಹಾಕಿದರು. ಶ್ರಾವಣದ ಎರಡನೇ ಶುಕ್ರವಾರ ಮದುವೆಯೆಂದು ಗೊತ್ತಾಯಿತು.

"ಸ್ರಾವಣ್ವಾ?" ಅಜ್ಜ ಬೆರಳು ಮಡಿಸಿ ಎಣಿಸಿದರು. "ನೋಡವಾ, ಅಲ್ಲೀಗಂಟ ಇದ್ರೆ," ಎಂದು ಕಣ್ಣು ಮುಚ್ಚಿದರು. ಶಂಕರ್ ಧಡಕ್ಕನೆ ಎದ್ದ. ಅಜ್ಜ ಮತ್ತೆ ಕಣ್ಣು ಬಿಟ್ಟರು.

ಹೊರಡುವಾಗ ಹನ್ನೊಂದು ಮನೆಯವರೂ ಟೆಂಪೊ ಹತ್ತಿದರು. ಕುರ್ಚಿ ಮಾತ್ರ ನಡುಮನೆಯಲ್ಲೇ ಇತ್ತು.

"ಅಜ್ಜ?" ಎಂದ ಶಂಕರ್.

"ಆಸ್ಪತ್ರೆ ಅತ್ರ ಇರೋ ಕಡೆ ಇಟ್ಕಳಿ ಅಂದವ್ರೆ ಡಾಕ್ಟ್ರು. ಮದ್ವೆಗಂಟ ನಿಮ್ಮನೇಲೇ ಇರ್ಲಿ. ಅದ್ಕೂ ಸೇರ್ಸೇ ಕೇಳಿದ್ದು ಚಿಕ್ಕಪ್ಪಾ, ನೀವು ಹೂಂ ಅಂದಿದ್ದು."

ಟೆಂಪೊ ಹೋಯಿತು. ರುದ್ರಾಣಿ ಅಕ್ಕಿ ಡಬ್ಬಿಯಿಂದ ಫೋನು ತೆಗೆದು ಗಂಡನ ಮುಂದಿಟ್ಟಳು. "ತಕ್ಕಳಿ, ಇನ್ಮೇಲೆ ಇದ್ರಲ್ಲಿ ಯಾವ ಸುದ್ದಿ ಬಂದ್ರೇನು? ಆ ಸುದ್ದಿ ನಮ್ ನಡುಮನೇಲೇ ಕುಂತದೆ."

ಕುರ್ಚಿಯಲ್ಲೇ ಒರಗಿದ್ದ ಅಜ್ಜನ ಗೊರಕೆ ಇದ್ದಕ್ಕಿದ್ದಂತೆ ನಿಂತಿತು. ಶಂಕರ್ ಜೇಬಿನ ಹತ್ತಿಯಿಂದ ಒಂದು ಎಳೆ ಕಿತ್ತು, ಉಸಿರಾಡುತ್ತಿದೆಯೇ ಎಂದು ಅವರ ಮೂಗಿನ ಕೆಳಗೆ ಹಿಡಿದ. ಎಳೆ ಅಲುಗಲಿಲ್ಲ. ಅಲುಗಿತು.

ಅಜ್ಜ ಕಣ್ಣು ಬಿಡದೆಯೇ ಅಂದರು: "ಈಗ್ಲೇ ಯಾಕ್ಲಾ ಮೂಗ್ಗೆ ಅತ್ತಿ ಇಕ್ತೀಯೆ? ಇನ್ನೂ ಟೇಮದೆ ಕಣ್ಲಾ."