ಮೊದಲೆರಡು ಅಕ್ಷರ ಸಾಕು!

ಎಪ್ಪತ್ತೆಂಟನೇ ಇಸವಿಯ ಮಾತು. ತಿಪಟೂರಿನ ಲೈಬ್ರರಿಯಲ್ಲಿ ನಾನು ಗುಮಾಸ್ತ. ಸಾವಿರಾರು ಪುಸ್ತಕಗಳಿದ್ದರೇನು? ಹೆಸರಿನ ಮೊದಲೆರಡು ಅಕ್ಷರ ಹೇಳಿ, ಕಾರ್ಡಿನ ಪೆಟ್ಟಿಗೆ ಎಳೆದು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿಕೊಡುತ್ತೇನೆ! ಮಗಳ ನಾಮಕರಣ ಹತ್ತಿರವಾದಾಗ ಈ ಮಹಾವಿದ್ಯೆಯಿಂದ ಮನೆಯನ್ನೂ ಉದ್ಧಾರ ಮಾಡಲು ಪಣ ತೊಟ್ಟೆ. ನೆಂಟರ ವಿಳಾಸಕ್ಕೆಲ್ಲ ಒಂದೊಂದು ಕಾರ್ಡ್!

ವಿಳಾಸ ಬಲ್ಲವಳು ಹೆಂಡತಿ ಭೈರಮ್ಮ. ಅವಳು ಹೇಳಿದಳು, ನಾನು ಬರೆದೆ. ಕೊನೆಗೆ ನೋಡಿದರೆ ಪೆಟ್ಟಿಗೆಯಲ್ಲಿ ಎರಡೇ ಕಟ್ಟು! ಒಂದು ‘ನಮ್ಮ’: ನಮ್ಮಣ್ಣ, ನಮ್ಮಕ್ಕ, ನಮ್ಮತ್ತೆ. ಇನ್ನೊಂದು ‘ನಿಮ್ಮ’: ನಿಮ್ಮಣ್ಣ, ನಿಮ್ಮಕ್ಕ, ನಿಮ್ಮ ಆ ಜಿಪುಣ ಮಾವ.

“ಹೆಸರು ಹೇಳೇ ಅಂದ್ರೆ!”

“ಹೆಸರಿಡೋದು ಮಗೀಗೆ ಕಣ್ರೀ, ನೆಂಟ್ರಿಗಲ್ಲ!”

ಸೋದರತ್ತೆ ಬಾರದಿದ್ದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವರು ಯಾರು? ಕಂದಿಕೆರೆಯಲ್ಲಿರುವ ನನ್ನ ಅಕ್ಕನಿಗೆ ಕರುಳು ಕರಗುವಂತೆ ಕಾಗದ ಬರೆದೆ: “ಅಕ್ಕಾ, ನೀನು ಬಾರದೆ ತೊಟ್ಟಿಲು ತೂಗುವುದಿಲ್ಲ. ಇಂತಿ, ಮನೆಯವರು.” ನನ್ನ ಪೆಟ್ಟಿಗೆಯ ಮಹಿಮೆ ಲೋಕಕ್ಕೆ ತಿಳಿಯಲಿ ಎಂದು, ಅದನ್ನು ಲೈಬ್ರರಿಗೆ ಹೊತ್ತೊಯ್ದು, ವಿಳಾಸ ಬರೆಯಲು ಕಾಗದವನ್ನು ಸಹೋದ್ಯೋಗಿ ಮರುಳಪ್ಪನಿಗೆ ಕೊಟ್ಟೆ.

“ಯಾರಿಗ್ಲಾ ಇದು?”

“ನಮ್ಮಕ್ಕಂಗೆ ಕಣ್ಲಾ. ‘ನಮ್ಮ’ ಅಂತ ಮೊದಲೆರಡು ಅಕ್ಷರ ಹಿಡಿ, ಸಾಕು!”

ಅರೆನಿಮಿಷದಲ್ಲಿ ಬರೆದು ಅಂಚೆ ಡಬ್ಬಕ್ಕೆ ಹಾಕಿ ಬಂದ. ಎಂಥ ವೇಗ!

ನಾಮಕರಣದ ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದವಳು ಹೊನ್ನವಳ್ಳಿಯ ಕೊಲ್ಲಾಪುರಮ್ಮ. ಭೈರಮ್ಮನ ಅಕ್ಕ! ಅವ್ವನ ಒರಳುಕಲ್ಲು ಯಾರಿಗೆ ಎಂಬ ಜಗಳದಲ್ಲಿ ಅಕ್ಕತಂಗಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಆಗ ಹೊಳೆಯಿತು ನನಗೆ. ಭೈರಮ್ಮ ಬರೆಸಿದ ‘ನಮ್ಮಕ್ಕ’ ಅವಳ ಅಕ್ಕ. ನನ್ನ ಅಕ್ಕ ‘ನಿಮ್ಮ’ ಕಟ್ಟಿನಲ್ಲಿ ತೆಪ್ಪಗೆ ಕೂತಿದ್ದಾಳೆ!

“ನಾನ್ ಬರದೆ ತೊಟ್ಲೇ ತೂಗಲ್ಲ ಅಂತ ಕಾಗ್ದ ಹಾಕ್ಸಿದ್ದೀಯಲ್ಲೇ ಭೈರೀ!” ಎಂದು ಕೊಲ್ಲಾಪುರಮ್ಮ ಗೊಳೋ ಎಂದಳು.

ಭೈರಮ್ಮ ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೇ. ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತಿದ್ದೇ ಅತ್ತಿದ್ದು. ನನ್ನ ಕಣ್ಣೂ ತುಂಬಿತು, ಅರ್ಧ ಸಂತೋಷಕ್ಕೆ, ಅರ್ಧ ಭಯಕ್ಕೆ. ಇನ್ನೊಂದು ಗಂಟೆಗೆ ಮುಹೂರ್ತ, ಸೋದರತ್ತೆಯೇ ಇಲ್ಲ!

ಹೆಂಡತಿಯನ್ನು ಅಡುಗೆಮನೆಗೆ ಕರೆದು ತಪ್ಪೊಪ್ಪಿಕೊಂಡೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

“ನೀವು ಸ್ನಾನಕ್ಕೋದಾಗ್ಲೇ ನಿಮ್ಮಕ್ಕ ಬಂದು ಹಿತ್ಲಲ್ಲಿ ಕಾಯಿ ತುರೀತಾ ಕುಂತವ್ರೆ, ಹೋಗಿ ಮಾತಾಡ್ಸಿ. ಕಂದಿಕೆರೆ ಬಸ್ಸಿನ ಕಂಡಕ್ಟ್ರು ಕೈಲಿ ಹೋದ್ವಾರವೇ ಹೇಳ್ಕಳ್ಸಿದ್ದೆ ಬುಡಿ. ‘ನಮ್ ಯಜಮಾನ್ರ ಅಕ್ಕ’ ಅಂದೆ. ಆ ಪುಣ್ಯಾತ್ಮ ಒಂದಕ್ಷರಾನೂ ಕೇಳ್ಲಿಲ್ಲ ಕಣ್ರೀ!”